ಸಂಬಂಧಿತ ಪಕ್ಷಗಳ ವ್ಯವಹಾರ: ಸಿಯರ್ಸ್ ಕಂಪೆನಿ ಮತ್ತು ಸೆರಿಟೇಜ್ ಆಸ್ತಿಸಂಸ್ಥೆ

ಒಂದು ಕಂಪೆನಿಯ ನಿರ್ಧಾರಗಳನ್ನು ತನ್ನ ಹತೋಟಿಯಲ್ಲಿರಿಸಿಕೊಂಡಿರುವ, ಅಥವಾ ಅವುಗಳ ಮೇಲೆ ಗಣ್ಯವಾದ ಪ್ರಭಾವವನ್ನು ಬೀರಬಲ್ಲ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಅದೇ ಕಂಪೆನಿಯೊಡನೆ ಕೊಳ್ಳುವ, ಮಾರುವ, ಸಾಲ ಕೊಡುವ ಅಥವಾ ಗುತ್ತಿಗೆ ಹಿಡಿಯುವ ಕಾರ್ಯದಲ್ಲಿ ತೊಡಗಿದಾಗ ಅದನ್ನು 'ಸಂಬಂಧಿತ ಪಕ್ಷಗಳ ವ್ಯವಹಾರ' ಎಂದು ಕರೆಯುವುದು ವಾಡಿಕೆ. ಇಂತಹ ವ್ಯವಹಾರವು ತನ್ನಷ್ಟಕ್ಕೆ ತಾನೇ ಅಕ್ರಮವಲ್ಲ. ಎಷ್ಟೋ ವೇಳೆ ಅನುಕೂಲವೂ ಮಿತವ್ಯಯದ್ದೂ ಆಗಿರುವುದುಂಟು. ಆದರೆ ಸಂತೆಯಲ್ಲಿ ಇಬ್ಬರು ಅಪರಿಚಿತರು ಚೌಕಾಸಿ ಮಾಡುವಾಗ, ಒಪ್ಪಿದ ಬೆಲೆಯು ನ್ಯಾಯವಾದುದೇ ಎಂದು ಮೂರನೆಯವನು ವಿಚಾರಿಸಬೇಕಾಗಿಲ್ಲ. ಅವರಿಬ್ಬರ ಸ್ವಾರ್ಥಗಳೇ ಒಂದನ್ನೊಂದು ತಡೆದು ನಿಲ್ಲಿಸುತ್ತವೆ. ಕೊಳ್ಳುವ ಕೈಯೂ ಮಾರುವ ಕೈಯೂ ಒಂದೇ ದೇಹಕ್ಕೆ ಸೇರಿದಾಗ ಆ ತಡೆ ಇಲ್ಲವಾಗುತ್ತದೆ. ಆಗ ಬೆಲೆಯ ನ್ಯಾಯವನ್ನು ಬೇರೊಂದು ವಿಧದಿಂದ ಪರೀಕ್ಷಿಸಬೇಕಾಗುತ್ತದೆ.

ಇಂತಹ ವ್ಯವಹಾರಗಳಲ್ಲಿ ಒಂದು ವಿಶಿಷ್ಟ ಪ್ರಕಾರವನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಬೇಕೆಂದಿದೆ. ಒಂದು ವ್ಯಾಪಾರೀ ಕಂಪೆನಿಯು ತನ್ನ ಕಟ್ಟಡಗಳನ್ನೂ ನೆಲವನ್ನೂ ಬೇರ್ಪಡಿಸಿ, ಅವುಗಳಿಗಾಗಿಯೇ ಹೊಸದೊಂದು ಆಸ್ತಿಸಂಸ್ಥೆಯನ್ನು ನಿರ್ಮಿಸಿ, ತಾನು ಅದೇ ಕಟ್ಟಡಗಳಲ್ಲಿ ಬಾಡಿಗೆದಾರನಾಗಿ ಉಳಿಯುತ್ತದೆ. ನಮ್ಮ ಅವಿಭಕ್ತ ಕುಟುಂಬಗಳ ಪಾಲುಪಟ್ಟಿಯನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ಮನದಟ್ಟಾದೀತು. ಸಾಲಸೋಲಗಳಲ್ಲಿ ಸಿಕ್ಕಿದ ತಂದೆಯು ಮನೆಯನ್ನು ಮಗನಿಗೆ ಕ್ರಯಪತ್ರ ಮಾಡಿಕೊಟ್ಟು, ತಾನು ಅದೇ ಮನೆಯ ಜಗಲಿಯಲ್ಲಿ ಅಂಗಡಿ ನಡೆಸುತ್ತ ಮಗನಿಗೆ ಬಾಡಿಗೆ ತೆರುತ್ತಾನೆ ಎನ್ನೋಣ. ಮಗನು ಕೊಟ್ಟ ಬೆಲೆ ಎಷ್ಟು ಎಂದು ಊರವರು ಕೇಳುತ್ತಾರೆ. ಬಾಡಿಗೆ ಎಷ್ಟು, ಮಗನು ಯಾವಾಗ ತಂದೆಯನ್ನು ಎಬ್ಬಿಸಬಹುದು, ತಂದೆಯು ಯಾವಾಗ ತಾನಾಗಿಯೇ ಬಿಟ್ಟು ಹೋಗಬಹುದು ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗಳಲ್ಲಿಯೇ ವಿಷಯದ ಗುಟ್ಟು ಅಡಗಿದೆಯೆಂಬುದು ನನ್ನ ಅಭಿಪ್ರಾಯ. ಮಾರಾಟವು ಒಂದು ದಿನದ ಕಾರ್ಯ. ಗುತ್ತಿಗೆಯಾದರೋ ಆ ದಿನದಿಂದ ಮೊದಲ್ಗೊಂಡು ವರ್ಷಗಟ್ಟಲೆ ನಡೆಯತಕ್ಕ ವ್ಯವಹಾರ. ನ್ಯಾಯಸ್ಥಾನಗಳೂ ಲೆಕ್ಕಪರಿಶೋಧಕರೂ ಮೊದಲನೆಯದನ್ನು ನೋಡುವಷ್ಟು ಎಚ್ಚರಿಕೆಯಿಂದ ಎರಡನೆಯದನ್ನು ನೋಡುವುದಿಲ್ಲ.

ಇದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಸಿಯರ್ಸ್ ಕಂಪೆನಿಯ ಚರಿತ್ರೆಯು ಒಳ್ಳೆಯ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಂಚೆಯ ಮೂಲಕ ಸರಕು ಮಾರುವ ಸಂಸ್ಥೆಯಾಗಿ ಹುಟ್ಟಿದ ಸಿಯರ್ಸ್, ಇಪ್ಪತ್ತನೆಯ ಶತಮಾನದ ಬಹುಭಾಗ ಆ ದೇಶದ ಅತ್ಯಂತ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಗಳಲ್ಲಿ ಒಂದಾಗಿತ್ತು. ೧೯೭೩ರಲ್ಲಿ ಅದು ಷಿಕಾಗೋ ನಗರದಲ್ಲಿ ಕಟ್ಟಿಸಿದ ಗೋಪುರವು ಆಗ ಪ್ರಪಂಚದಲ್ಲಿಯೇ ಅತ್ಯುನ್ನತವಾದ ಕಟ್ಟಡವೆನಿಸಿತ್ತು. ಮುಂದೆ ಅದರ ವ್ಯಾಪಾರ ಕುಗ್ಗಿತು. ೨೦೦೫ರಲ್ಲಿ ಕೆಮಾರ್ಟ್ ಎಂಬ ಮತ್ತೊಂದು ಅಂಗಡಿಸರಣಿಯೊಡನೆ ಸೇರಿ 'ಸಿಯರ್ಸ್ ಹೋಲ್ಡಿಂಗ್ಸ್' ಎಂಬ ಹೊಸ ಕಂಪೆನಿಯಾಯಿತು. ಈ ಸಂಯೋಜನೆಯ ಸೂತ್ರಧಾರರು ಎಡ್ವರ್ಡ್ ಲ್ಯಾಂಪರ್ಟ್ ಎಂಬ ಹಣಹೂಡಿಕೆದಾರರು, 'ಇ.ಎಸ್.ಎಲ್.' ಎಂಬ ಹೂಡಿಕೆಸಂಸ್ಥೆಯ ಒಡೆಯರು. ಅವರು ಸಿಯರ್ಸ್ ಹೋಲ್ಡಿಂಗ್ಸಿನ ಅಧ್ಯಕ್ಷರು, ೨೦೧೩ರಿಂದ ಅದರ ಮುಖ್ಯ ಕಾರ್ಯನಿರ್ವಾಹಕರು, ಅದರ ಅತಿ ದೊಡ್ಡ ಷೇರುದಾರರು, ಮತ್ತು ತಮ್ಮ ಸಂಸ್ಥೆಯ ಮೂಲಕ ಅದಕ್ಕೆ ಸಾಲ ಕೊಟ್ಟವರು. ೨೦೧೧ರಿಂದ ಈಚೆಗೆ ಕಂಪೆನಿಯು ಒಂದೇ ಸಮನೆ ನಷ್ಟ ಅನುಭವಿಸುತ್ತಿತ್ತು. ವ್ಯಾಪಾರದಲ್ಲಿ ಕಳೆದುದನ್ನು ಆಸ್ತಿ ಮಾರಿ ತುಂಬಿಕೊಳ್ಳುವುದೇ ಅದರ ಜೀವನಕ್ರಮವಾಯಿತು.

ಆ ಆಸ್ತಿಗಳಲ್ಲಿ ಅತ್ಯಂತ ಬೆಲೆಬಾಳುವುದು ಅಂಗಡಿಗಳ ಕಟ್ಟಡಗಳೇ. ೨೦೧೫ರ ಜುಲೈ ತಿಂಗಳಲ್ಲಿ ಸಿಯರ್ಸ್ ಹೋಲ್ಡಿಂಗ್ಸ್ ತನ್ನ ೨೩೫ ಸ್ಥಿರಾಸ್ತಿಗಳನ್ನೂ, ಇನ್ನೂ ೩೧ ಆಸ್ತಿಗಳನ್ನು ಹೊಂದಿದ್ದ ಮೂರು ಜಂಟಿ ಸಂಸ್ಥೆಗಳಲ್ಲಿ ತನಗಿದ್ದ ಅರ್ಧ ಪಾಲನ್ನೂ 'ಸೆರಿಟೇಜ್ ಗ್ರೋತ್ ಪ್ರಾಪರ್ಟೀಸ್' ಎಂಬ ಹೊಸ ಆಸ್ತಿಸಂಸ್ಥೆಗೆ ಸುಮಾರು ೨೭೦ ಕೋಟಿ ಡಾಲರುಗಳಿಗೆ ಮಾರಿತು. ಸೆರಿಟೇಜ್ ಈ ಹಣವನ್ನು ಎರಡು ಮೂಲಗಳಿಂದ ಒದಗಿಸಿಕೊಂಡಿತು. ಸುಮಾರು ೧೬೦ ಕೋಟಿ ಡಾಲರುಗಳು ಸಿಯರ್ಸಿನ ಷೇರುದಾರರಿಗೆ ನೀಡಿದ 'ಹಕ್ಕಿನ ಷೇರು'ಗಳಿಂದ ಬಂದವು. ಷೇರೊಂದರ ಬೆಲೆ ೨೯ ಡಾಲರ್ ೫೦ ಸೆಂಟ್. ಉಳಿದುದು ಅದೇ ಕಟ್ಟಡಗಳನ್ನು ಅಡವಿಟ್ಟು ತೆಗೆದ ಸಾಲ. ಮಾರಿದ ೨೩೫ ಆಸ್ತಿಗಳಲ್ಲಿ ೨೨೪ನ್ನು ಸಿಯರ್ಸ್ ಒಡನೆಯೇ ಒಂದು ಮುಖ್ಯ ಗುತ್ತಿಗೆಪತ್ರದ ಮೇರೆಗೆ ಬಾಡಿಗೆಗೆ ಹಿಡಿಯಿತು. ಆರಂಭದ ವಾರ್ಷಿಕ ಮೂಲಬಾಡಿಗೆ ಸುಮಾರು ೧೩ ಕೋಟಿ ೪೦ ಲಕ್ಷ ಡಾಲರುಗಳು. ಸೆರಿಟೇಜಿಗೆ ಬರುತ್ತಿದ್ದ ಬಾಡಿಗೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಈ ಒಬ್ಬ ಬಾಡಿಗೆದಾರನಿಂದಲೇ ಬರುತ್ತಿತ್ತು. ಸೆರಿಟೇಜಿನ ಧರ್ಮದರ್ಶಿ ಮಂಡಲಿಯ ಅಧ್ಯಕ್ಷರು ಮತ್ತಾರೂ ಅಲ್ಲ, ಲ್ಯಾಂಪರ್ಟ್ ಅವರೇ. 'ಅಳಿಯ ಅಲ್ಲ, ಮಗಳ ಗಂಡ' ಎಂಬ ನಮ್ಮ ಗಾದೆಯು ಇಂತಹ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲೋಕರೂಢಿಯಲ್ಲಿ ಇದನ್ನು 'ಬೇರ್ಪಡಿಕೆ' ಎಂದು ಕರೆದರೂ ಶಾಸ್ತ್ರಾರ್ಥದಲ್ಲಿ ಇದು ಬೇರ್ಪಡಿಕೆಯಲ್ಲ, ಮಾರಾಟ. ನಿಜವಾದ ಬೇರ್ಪಡಿಕೆಯಲ್ಲಿ ಹೊಸ ಕಂಪೆನಿಯ ಷೇರುಗಳನ್ನು ಹಳೆಯ ಕಂಪೆನಿಯ ಷೇರುದಾರರಿಗೆ ಬಿಟ್ಟಿಯಾಗಿ ಹಂಚಲಾಗುತ್ತದೆ. ೨೦೧೩ರಲ್ಲಿ ಪೆನ್ ನ್ಯಾಷನಲ್ ಎಂಬ ಜೂಜುಗೃಹಗಳ ಕಂಪೆನಿಯು ತನ್ನ ಆಸ್ತಿಗಳನ್ನು ಬೇರೆ ಮಾಡಿದುದು ಈ ಕ್ರಮದಲ್ಲಿ. ಸಿಯರ್ಸಿಗೆ ರೊಕ್ಕ ಬೇಕಾಗಿತ್ತು. ಆದುದರಿಂದ ಅದರ ಷೇರುದಾರರು ಹೊಸ ಸಂಸ್ಥೆಯಲ್ಲಿ ಪಾಲು ಬೇಕಾದರೆ ಕೈಯಿಂದ ಹಣ ತೆರಬೇಕಾಯಿತು. ಈ ಭೇದದ ಮಹತ್ವ ಮುಂದೆ ವಿದಿತವಾಗುತ್ತದೆ.

ಮತ್ತೊಂದು ಸೂಕ್ಷ್ಮವು ತೆರಿಗೆಯ ಶಾಸನಕ್ಕೆ ಸಂಬಂಧಿಸಿದುದು. ಸೆರಿಟೇಜ್ ಸ್ಥಿರಾಸ್ತಿ ಹೂಡಿಕೆಯ ಟ್ರಸ್ಟಿನ ಸ್ವರೂಪವನ್ನು ತಳೆದಿತ್ತು. ತೆರಿಗೆಗೆ ಒಳಪಡುವ ಆದಾಯದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನಾದರೂ ಪಾಲುದಾರರಿಗೆ ಹಂಚಿದರೆ, ಹಂಚಿದ ಮೊತ್ತದ ಮೇಲೆ ಇಂತಹ ಟ್ರಸ್ಟು ಕಂಪೆನಿ ತೆರಿಗೆಯನ್ನು ಕೊಡಬೇಕಾಗಿಲ್ಲ. ಆದರೆ ಬಾಡಿಗೆದಾರ ಕಂಪೆನಿಯಲ್ಲಿ ಟ್ರಸ್ಟಿಗೆ ನೂರಕ್ಕೆ ಹತ್ತರಷ್ಟು ಅಥವಾ ಅದಕ್ಕೆ ಮಿಕ್ಕ ಪಾಲಿದ್ದರೆ, ಆ ಬಾಡಿಗೆಯನ್ನು ಶಾಸನವು ಬಾಡಿಗೆಯೆಂದೇ ಎಣಿಸುವುದಿಲ್ಲ. ಟ್ರಸ್ಟಿನ ದೊಡ್ಡ ಷೇರುದಾರನ ಕೈಯಲ್ಲಿರುವ ಬಾಡಿಗೆದಾರ ಕಂಪೆನಿಯ ಷೇರುಗಳನ್ನೂ ಟ್ರಸ್ಟಿನ ಲೆಕ್ಕಕ್ಕೇ ಸೇರಿಸಲಾಗುತ್ತದೆ. ಇ.ಎಸ್.ಎಲ್. ಸಂಸ್ಥೆಯ ಪಾಲಾದರೋ ಬಹುಮಟ್ಟಿಗೆ ಟ್ರಸ್ಟಿನ ಷೇರುಗಳಲ್ಲಿರಲಿಲ್ಲ. ಟ್ರಸ್ಟಿನ ಕೆಳಗೆ ಆಸ್ತಿಗಳನ್ನು ಹೊಂದಿದ್ದ ಪಾಲುದಾರಿಕೆ ಸಂಸ್ಥೆಯ ಅಂಶಗಳಲ್ಲಿತ್ತು. ಆ ಅಂಶಗಳು ನೂರಕ್ಕೆ ನಲವತ್ತನ್ನು ಮೀರಿದ್ದವು. ಒಟ್ಟು ಆಸ್ತಿಯ ಫಲದಲ್ಲಿ ಐದರಲ್ಲೆರಡು ಪಾಲಿನ ಒಡೆತನವಿದ್ದರೂ, ತೆರಿಗೆಯ ಶಾಸನದ ಕಣ್ಣಿಗೆ ಬಾಡಿಗೆದಾರನು ಸಂಬಂಧಿಯಾಗಲಿಲ್ಲ. 'ಸಂಬಂಧ'ವೆಂಬುದು ಒಂದೇ ವಸ್ತುವಲ್ಲ, ಕಂಪೆನಿ ಶಾಸನ, ಲೆಕ್ಕಪತ್ರದ ನಿಯಮ, ತೆರಿಗೆಯ ಶಾಸನ ಇವು ಒಂದೊಂದೂ ತಮತಮಗೆ ಬೇಕಾದ ಅಳತೆಗೋಲಿನಿಂದ ಅದನ್ನು ಅಳೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಇನ್ನು ಬೆಲೆಯ ವಿಷಯ. ೨೭೦ ಕೋಟಿ ಡಾಲರುಗಳು ನ್ಯಾಯವಾದ ಬೆಲೆಯೇ? ಈ ಪ್ರಶ್ನೆಯನ್ನು ಬಾಡಿಗೆಯಿಂದ ಬೇರೆಯಾಗಿ ಕೇಳುವುದೇ ತಪ್ಪು. ವ್ಯಾಪಾರದ ಕಟ್ಟಡದ ಬೆಲೆಯೆಂದರೆ ಅದರಿಂದ ಬರತಕ್ಕ ಬಾಡಿಗೆಯನ್ನು ಬಂಡವಾಳವಾಗಿ ಪರಿವರ್ತಿಸಿದ ಮೊತ್ತವೇ ಹೊರತು ಬೇರಲ್ಲ. ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಪೇಟೆಯ ದರದಲ್ಲಿ ವರ್ಷಕ್ಕೆ ೧೦ ಲಕ್ಷ ಬಾಡಿಗೆ ತರಬಲ್ಲ ಒಂದು ಕಟ್ಟಡವಿದೆ. ಹೂಡಿಕೆದಾರರು ನೂರಕ್ಕೆ ೮ರ ಉತ್ಪತ್ತಿಯನ್ನು ಬಯಸುತ್ತಾರೆ. ಹಾಗಾದರೆ ಅದರ ಬೆಲೆ ೧ ಕೋಟಿ ೨೫ ಲಕ್ಷ. ಮಾರುವವನು ತಾನೇ ಬಾಡಿಗೆದಾರನಾಗಿ ಉಳಿದು ವರ್ಷಕ್ಕೆ ೪ ಲಕ್ಷ ಮಾತ್ರ ಕೊಡುತ್ತೇನೆಂದು ಕರಾರು ಮಾಡಿಕೊಂಡರೆ, ಅದೇ ಕಟ್ಟಡದ ಬೆಲೆ ೫೦ ಲಕ್ಷಕ್ಕೆ ಇಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಕಡಿಮೆ ಬೆಲೆಗೆ ಪ್ರತಿಫಲವಾಗಿ ಕಡಿಮೆ ಬಾಡಿಗೆಯ ಸೌಲಭ್ಯವು ಮಾರಿದವನಿಗೆ ದೊರೆತಿದೆ. ಈಗ ಗುತ್ತಿಗೆಪತ್ರಕ್ಕೆ ಒಂದೇ ಒಂದು ಷರತ್ತನ್ನು ಸೇರಿಸಿ ನೋಡೋಣ: ಕೊಂಡವನು ಬಯಸಿದಾಗ ಕಟ್ಟಡದ ಅರ್ಧಭಾಗವನ್ನು ಹಿಂದಕ್ಕೆ ಪಡೆದು ಬೇರೆಯವರಿಗೆ ಪೇಟೆಯ ದರದಲ್ಲಿ ಕೊಡಬಹುದು. ಆಗ ಅರ್ಧದಿಂದ ೨ ಲಕ್ಷ, ಉಳಿದರ್ಧದಿಂದ ೫ ಲಕ್ಷ, ಒಟ್ಟು ೭ ಲಕ್ಷ ಬರುತ್ತದೆ. ಕಟ್ಟಡದ ಬೆಲೆ ೮೭ ಲಕ್ಷ ೫೦ ಸಾವಿರವಾಯಿತು. ಮೌಲ್ಯಮಾಪಕನು ಕರಾರಿನ ಬಾಡಿಗೆಯನ್ನು ಮಾತ್ರ ನೋಡಿ ೫೦ ಲಕ್ಷವೆಂದು ಬರೆದರೆ, ೩೭ ಲಕ್ಷ ೫೦ ಸಾವಿರ ರೂಪಾಯಿ ಬಾಳುವ ಹಕ್ಕೊಂದು ಬೆಲೆಯಿಲ್ಲದೆ ಕೈ ಬದಲಾಯಿಸಿದಂತಾಯಿತು. ಇದರಿಂದ ಕಟ್ಟಡವನ್ನು ಒಡೆದು ಕಟ್ಟುವ ಖರ್ಚನ್ನು ಕಳೆಯಬೇಕೆಂಬುದು ನಿಜ. ಆ ಖರ್ಚು ಅಲ್ಪವೂ ಅಲ್ಲ. ಆದರೂ ಶೇಷವು ಸೊನ್ನೆಯಾಗಲಾರದು.

ಸೆರಿಟೇಜಿನ ಮುಖ್ಯ ಗುತ್ತಿಗೆಪತ್ರದಲ್ಲಿ ಇದ್ದುದು ಇಂತಹ ಷರತ್ತೇ. ಸಾಮಾನ್ಯವಾಗಿ ಪ್ರತಿಯೊಂದು ಅಂಗಡಿಯ ಅರ್ಧದಷ್ಟು ಸ್ಥಳವನ್ನು, ಕೆಲವು ಆಯ್ದ ಅಂಗಡಿಗಳಲ್ಲಿ ಪರಿಹಾರದ ಹಣ ಕೊಟ್ಟು ಪೂರ್ಣ ಸ್ಥಳವನ್ನು, ಹಿಂದಕ್ಕೆ ಪಡೆಯುವ ಹಕ್ಕು ಸೆರಿಟೇಜಿಗಿತ್ತು. ಸಿಯರ್ಸ್ ಕೊಡುತ್ತಿದ್ದ ಬಾಡಿಗೆ ಚದರ ಅಡಿಗೆ ವರ್ಷಕ್ಕೆ ನಾಲ್ಕು ಡಾಲರಿಗೆ ತುಸು ಮೇಲೆ. ಹಿಂದಕ್ಕೆ ಪಡೆದು ಹೊಸದಾಗಿ ಕಟ್ಟಿ ಇತರರಿಗೆ ಕೊಟ್ಟ ಸ್ಥಳಕ್ಕೆ ಮುಂದಿನ ವರ್ಷಗಳಲ್ಲಿ ಸೆರಿಟೇಜ್ ಒಪ್ಪಂದ ಮಾಡಿಕೊಂಡ ಬಾಡಿಗೆ ಸುಮಾರು ಅದರ ನಾಲ್ಕು ಪಟ್ಟು. ಈ ಅಂತರವನ್ನು ಕಂಡು ಆತುರದ ತೀರ್ಮಾನಕ್ಕೆ ಬರಬಾರದು. ದೊಡ್ಡ ಅಂಗಡಿಯೊಂದು ಜನರನ್ನು ಸೆಳೆದು ತರುತ್ತದೆಂಬ ಕಾರಣದಿಂದ ಅದಕ್ಕೆ ಅತ್ಯಲ್ಪ ಬಾಡಿಗೆ ವಿಧಿಸುವುದು ಅಮೆರಿಕದ ಮಳಿಗೆಸಂಕೀರ್ಣಗಳ ಹಳೆಯ ಪದ್ಧತಿ. ಹಾಗೆಯೇ ನಾಲ್ಕು ಪಟ್ಟು ಬಾಡಿಗೆಗೆ ಕೋಟ್ಯಂತರ ಡಾಲರುಗಳ ಹೊಸ ಬಂಡವಾಳ ಸುರಿಯಬೇಕಾಗಿತ್ತು. ಆದರೆ ಒಂದು ಸಂಗತಿ ಉಳಿಯುತ್ತದೆ. ಕಡಿಮೆ ಬಾಡಿಗೆಯ ಸೌಲಭ್ಯವನ್ನು ಬೆಲೆಯ ಒಂದು ಭಾಗವೆಂದು ಸಿಯರ್ಸ್ ಸ್ವೀಕರಿಸಿತು. ಆ ಸೌಲಭ್ಯವನ್ನು ಎಷ್ಟು ದಿನ ಅನುಭವಿಸಬೇಕೆಂಬುದು ಮಾತ್ರ ಬಹುಮಟ್ಟಿಗೆ ಮತ್ತೊಬ್ಬರ ಇಚ್ಛೆಗೆ ಸೇರಿತ್ತು. ಆ ಮತ್ತೊಬ್ಬರ ಅಧ್ಯಕ್ಷಪೀಠದಲ್ಲಿ ಕುಳಿತವರು ಅವರದೇ ಅಧ್ಯಕ್ಷರು.

ಸಿಯರ್ಸಿಗೂ ಒಂದು ಹಕ್ಕಿತ್ತು. ಯಾವುದಾದರೂ ಅಂಗಡಿಯು ಲಾಭದಾಯಕವಲ್ಲವೆಂದು ತೋರಿದರೆ, ಒಂದು ವರ್ಷದ ಬಾಡಿಗೆಯನ್ನೂ ತೆರಿಗೆ ಮೊದಲಾದ ಖರ್ಚುಗಳನ್ನೂ ಕೊಟ್ಟು ಅದನ್ನು ತೆರವು ಮಾಡಬಹುದು. ಹೀಗೆ ಬಿಡುವುದರಿಂದ ಒಂದು ವರ್ಷದಲ್ಲಿ ಒಟ್ಟು ಬಾಡಿಗೆಯ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಕೂಡದು. ಮೇಲುನೋಟಕ್ಕೆ ಇದು ಬಾಡಿಗೆದಾರನ ರಕ್ಷಣೆ. ಆದರೆ ಒಂದು ಸರಣಿಯ ಅಂಗಡಿಯು ಲಾಭದಾಯಕವೇ ಅಲ್ಲವೇ ಎಂಬುದು ಅದಕ್ಕೆ ಎಂತಹ ಸರಕನ್ನು ಕಳುಹಿಸುತ್ತಾರೆ, ದುರಸ್ತಿಗೆ ಎಷ್ಟು ವೆಚ್ಚಮಾಡುತ್ತಾರೆ, ಮುಖ್ಯ ಕಚೇರಿಯ ಖರ್ಚಿನಲ್ಲಿ ಎಷ್ಟನ್ನು ಅದರ ತಲೆಗೆ ಕಟ್ಟುತ್ತಾರೆ ಎಂಬುದನ್ನು ಅವಲಂಬಿಸಿರುತ್ತದೆ. ಅದನ್ನೆಲ್ಲ ನಿಶ್ಚಯಿಸತಕ್ಕವರು ಮೂಲ ಕಂಪೆನಿಯ ಆಡಳಿತಗಾರರೇ. ಒಂದು ಅಂಗಡಿ ಮುಚ್ಚಿದರೆ ಸೆರಿಟೇಜಿಗೆ ಬಾಡಿಗೆ ನಷ್ಟ, ಜೊತೆಗೇ ಸ್ಥಳದ ಲಾಭ. ಸಿಯರ್ಸಿಗೆ ಬಾಡಿಗೆಯ ಉಳಿತಾಯ, ಜೊತೆಗೇ ವ್ಯಾಪಾರದ ನಾಶ. ೨೦೧೬ರಿಂದ ಮೊದಲ್ಗೊಂಡು ಸಿಯರ್ಸ್ ಕಂತುಕಂತಾಗಿ ಈ ಹಕ್ಕನ್ನು ಚಲಾಯಿಸುತ್ತ ಬಂದಿತು. ಪ್ರತಿಯೊಂದು ಚಲಾವಣೆಯೂ ಹೊಸದಾದ ಒಂದು ಸಂಬಂಧಿತ ವ್ಯವಹಾರವೇ ಸರಿ. ಆದರೆ ಅದಕ್ಕೆ ಹೊಸ ಮೌಲ್ಯಮಾಪನವಿಲ್ಲ, ಹೊಸ ಮಂಜೂರಾತಿಯಿಲ್ಲ. ಹಳೆಯ ಕರಾರಿನ ಪಾಲನೆಯೆಂಬ ಹೆಸರಿನಲ್ಲಿ ಅದು ನಡೆದುಹೋಗುತ್ತದೆ.

ಇಂತಹ ವ್ಯವಹಾರವನ್ನು ಪ್ರಶ್ನಿಸಬಲ್ಲವರು ಯಾರು? ಇಬ್ಬರು: ಹಿಡಿತವಿಲ್ಲದ ಅಲ್ಪಸಂಖ್ಯಾತ ಷೇರುದಾರರು ಮತ್ತು ಸಾಲ ಕೊಟ್ಟವರು. ಇವರಿಬ್ಬರ ಕುಂದುಕೊರತೆಗಳು ಒಂದೇ ಬಗೆಯವಲ್ಲವೆಂಬುದನ್ನು ಪಾಠ ಹೇಳುವಾಗ ಒತ್ತಿ ಹೇಳಬೇಕು. ೨೦೧೫ರಲ್ಲಿಯೇ ಡೆಲವೇರ್ ರಾಜ್ಯದ ನ್ಯಾಯಸ್ಥಾನದಲ್ಲಿ ಸಿಯರ್ಸಿನ ಷೇರುದಾರರು, ಆಸ್ತಿಗಳನ್ನು ಅಗ್ಗವಾಗಿ ಮಾರಲಾಗಿದೆಯೆಂದು ಕಂಪೆನಿಯ ಪರವಾಗಿ ದಾವೆ ಹೂಡಿದರು. ಆ ರಾಜ್ಯದ ನ್ಯಾಯಪರಂಪರೆಯಲ್ಲಿ ೧೯೮೩ರ ವೈನ್‌ಬರ್ಗರ್ ಮೊಕದ್ದಮೆಯಿಂದ ಈಚೆಗೆ, ಇಬ್ಬಗೆಯ ಹಿತಾಸಕ್ತಿಯುಳ್ಳವರು ನಡೆಸಿದ ವ್ಯವಹಾರದಲ್ಲಿ ಎರಡನ್ನು ಪರೀಕ್ಷಿಸುವ ಕ್ರಮವಿದೆ: ನಡೆದ ರೀತಿ ನ್ಯಾಯವಾಗಿತ್ತೇ, ಬೆಲೆ ನ್ಯಾಯವಾಗಿತ್ತೇ ಎಂದು. ಸಿಯರ್ಸಿನ ಮೊಕದ್ದಮೆ ಈ ಪರೀಕ್ಷೆಯ ಕೊನೆಯನ್ನು ಮುಟ್ಟಲಿಲ್ಲ. ೨೦೧೭ರಲ್ಲಿ ೪ ಕೋಟಿ ಡಾಲರುಗಳಿಗೆ ರಾಜಿಯಾಯಿತು. ಷೇರುದಾರರ ವಾದದಲ್ಲಿ ಒಂದು ದೌರ್ಬಲ್ಯವಿತ್ತೆಂಬುದನ್ನು ಒಪ್ಪಬೇಕು. ಹಕ್ಕಿನ ಷೇರುಗಳನ್ನು ಎಲ್ಲರಿಗೂ ಅವರವರ ಪಾಲಿನ ಪ್ರಮಾಣದಲ್ಲಿ ನೀಡಲಾಗಿತ್ತು. ಆಸ್ತಿಯು ಅಗ್ಗವಾಗಿ ಹೋಗಿದ್ದರೆ, ಹಕ್ಕಿನ ಷೇರನ್ನು ಕೊಂಡ ಷೇರುದಾರನು ಎಡಗೈಯಲ್ಲಿ ಕಳೆದುಕೊಂಡುದನ್ನು ಬಲಗೈಯಲ್ಲಿ ಪಡೆದಂತೆಯೇ. ಕೈಯಲ್ಲಿ ಹಣವಿಲ್ಲದವನು ಆ ಹಕ್ಕನ್ನೇ ಪೇಟೆಯಲ್ಲಿ ಮಾರಬಹುದಾಗಿತ್ತು.

ಸಾಲ ಕೊಟ್ಟವರ ಸ್ಥಿತಿ ಹಾಗಲ್ಲ. ಸರಕು ಪೂರೈಸಿ ಹಣಕ್ಕಾಗಿ ಕಾಯುತ್ತಿದ್ದ ವ್ಯಾಪಾರಿಗೆ, ನಿವೃತ್ತಿವೇತನದ ನಿಧಿಗೆ, ಕೆಲಸದಿಂದ ತೆಗೆದಾಗ ಪರಿಹಾರ ಸಿಗಬೇಕಾದ ಅಂಗಡಿಯ ನೌಕರನಿಗೆ, ಯಾರೂ ಹಕ್ಕಿನ ಷೇರನ್ನು ನೀಡಿರಲಿಲ್ಲ. ಅವರ ಪಾಲಿಗೆ ಆ ಕಟ್ಟಡಗಳು ಬರಬೇಕಾದ ಹಣದ ಕಡೆಯ ಆಸರೆಯಾಗಿದ್ದವು. ಕಟ್ಟಡಗಳ ಬದಲಿಗೆ ಬಂದ ೨೭೦ ಕೋಟಿ ಡಾಲರುಗಳು ನಷ್ಟದ ವ್ಯಾಪಾರದಲ್ಲಿ ಕರಗಿದವು. ೨೦೧೮ರ ಅಕ್ಟೋಬರ್ ೧೫ರಂದು ಸಿಯರ್ಸ್ ಹೋಲ್ಡಿಂಗ್ಸ್ ದಿವಾಳಿಯ ಅರ್ಜಿ ಸಲ್ಲಿಸಿತು. ಆಗ ಅದರ ನೌಕರರ ಸಂಖ್ಯೆ ಸುಮಾರು ೬೮,೦೦೦. ಮುಂದಿನ ಫೆಬ್ರವರಿಯಲ್ಲಿ ಅಳಿದುಳಿದ ಅಂಗಡಿಗಳನ್ನೂ ಆಸ್ತಿಗಳನ್ನೂ ಸುಮಾರು ೫೨೦ ಕೋಟಿ ಡಾಲರುಗಳ ವ್ಯವಹಾರದಲ್ಲಿ ಕೊಂಡವರು ಇ.ಎಸ್.ಎಲ್. ಸಂಸ್ಥೆಯವರೇ. ಆ ಮೊತ್ತದ ಒಂದು ಭಾಗವು ಹಣವಾಗಿರದೆ ಸಿಯರ್ಸ್ ಅವರಿಗೆ ಕೊಡಬೇಕಾಗಿದ್ದ ಸಾಲದ ವಜಾ ಆಗಿತ್ತು. ಹಳೆಯ ಮುಖ್ಯ ಗುತ್ತಿಗೆ ಮುರಿಯಿತು. ಅದರ ಸ್ಥಾನದಲ್ಲಿ ೫೧ ಆಸ್ತಿಗಳಿಗೆ ಹೊಸದೊಂದು ಗುತ್ತಿಗೆಪತ್ರವು ಸೆರಿಟೇಜಿಗೂ ಇ.ಎಸ್.ಎಲ್.ನ ಹೊಸ ಕಂಪೆನಿಗೂ ನಡುವೆ ಏರ್ಪಟ್ಟಿತು.

೨೦೧೯ರ ಏಪ್ರಿಲಿನಲ್ಲಿ ದಿವಾಳಿಯಾದ ಕಂಪೆನಿಯ ಆಸ್ತಿಯ ಪರವಾಗಿ ಲ್ಯಾಂಪರ್ಟ್, ಇ.ಎಸ್.ಎಲ್., ಸೆರಿಟೇಜ್ ಮೊದಲಾದವರ ಮೇಲೆ ದಾವೆ ಹೂಡಲಾಯಿತು. ಸೆರಿಟೇಜಿಗೆ ಮಾಡಿದ ಮಾರಾಟವೂ, ೨೦೧೪ರಲ್ಲಿ ಲ್ಯಾಂಡ್ಸ್ ಎಂಡ್ ಎಂಬ ಉಡುಪಿನ ಕಂಪೆನಿಯನ್ನು ಬೇರ್ಪಡಿಸಿದುದೂ ಅದರ ವಿಷಯಗಳಲ್ಲಿ ಸೇರಿದ್ದವು. ಪ್ರತಿವಾದಿಗಳು ಆಪಾದನೆಯನ್ನು ಅಲ್ಲಗಳೆದರು. ವ್ಯವಹಾರಗಳಿಗೆ ನಿರ್ದೇಶಕ ಮಂಡಲಿಯ ಸಮ್ಮತಿಯಿತ್ತು, ತಜ್ಞರ ಸಲಹೆಯಿತ್ತು, ಷರತ್ತುಗಳು ನ್ಯಾಯವಾಗಿದ್ದವು ಎಂಬುದು ಅವರ ವಾದ. ೨೦೨೨ರಲ್ಲಿ ಎಲ್ಲ ಆಪಾದನೆಗಳೂ ಸೇರಿ ೧೭ ಕೋಟಿ ೫೦ ಲಕ್ಷ ಡಾಲರುಗಳಿಗೆ ಇದೂ ರಾಜಿಯಲ್ಲಿ ಮುಗಿಯಿತು. ಷೇರುದಾರರ ರಾಜಿಯ ಮೊತ್ತದ ನಾಲ್ಕು ಪಟ್ಟಿಗಿಂತ ಇದು ಹೆಚ್ಚು. ರಾಜಿಯ ಮೊತ್ತದಿಂದ ತಪ್ಪೊಪ್ಪುಗಳನ್ನು ಅಳೆಯಲಾಗದೆಂಬುದು ನಿಜವಾದರೂ, ಎರಡು ಬಗೆಯ ವಾದಿಗಳಿಗೆ ಇದ್ದ ಬಲದ ಅಂತರವನ್ನು ಈ ಅಂಕಿಗಳು ಅಲ್ಪಸ್ವಲ್ಪವಾದರೂ ಸೂಚಿಸುತ್ತವೆ ಎಂದು ತೋರುತ್ತದೆ.

ಸಾಲ ಕೊಟ್ಟವರನ್ನು ವಂಚಿಸುವ ವರ್ಗಾವಣೆಯ ಶಾಸನವು ಬಹು ಪುರಾತನವಾದುದು. ಇಂಗ್ಲೆಂಡಿನಲ್ಲಿ ೧೫೭೧ರಲ್ಲಿಯೇ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಅದು ರೂಪುಗೊಂಡಿತು. ಅದರಡಿಯಲ್ಲಿ ೧೬೦೧ರಲ್ಲಿ ತೀರ್ಮಾನವಾದ ಟ್ವೈನ್ ಮೊಕದ್ದಮೆಯನ್ನು ಶಾಸನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಪಿಯರ್ಸ್ ಎಂಬವನಿಗೆ ಇಬ್ಬರಲ್ಲಿ ಸಾಲವಿತ್ತು. ಒಬ್ಬನು ದಾವೆ ಹೂಡಿದೊಡನೆಯೇ ಪಿಯರ್ಸ್ ತನ್ನ ಎಲ್ಲ ಚರಾಸ್ತಿಯನ್ನೂ ಮತ್ತೊಬ್ಬನಾದ ಟ್ವೈನನಿಗೆ ಗುಟ್ಟಾಗಿ ಬರೆದುಕೊಟ್ಟನು. ಆದರೆ ಕುರಿಗಳು ಪಿಯರ್ಸನ ಬಳಿಯಲ್ಲಿಯೇ ಉಳಿದವು. ಅವನೇ ಉಣ್ಣೆ ಕತ್ತರಿಸುತ್ತಿದ್ದನು, ತನ್ನ ಗುರುತನ್ನೇ ಹಾಕುತ್ತಿದ್ದನು. ಕೊಟ್ಟ ಮೇಲೆಯೂ ಕೊಟ್ಟವನ ಸ್ವಾಧೀನದಲ್ಲಿಯೇ ಉಳಿಯುವುದು ವಂಚನೆಯ ಲಕ್ಷಣಗಳಲ್ಲಿ ಒಂದೆಂದು ನ್ಯಾಯಾಧೀಶರು ಎಣಿಸಿದರು. ನಾಲ್ಕು ಶತಮಾನಗಳ ತರುವಾಯ ಮಾರಾಟ ಮತ್ತು ಮರುಗುತ್ತಿಗೆಯೆಂಬುದು ಮರ್ಯಾದಸ್ಥವಾದ ಹಣಕಾಸಿನ ವಿಧಾನವಾಗಿದೆ. ಸೆರಿಟೇಜಿನ ವ್ಯವಹಾರದಲ್ಲಿ ಗುಟ್ಟೇನೂ ಇರಲಿಲ್ಲ, ಪ್ರತಿಯೊಂದು ಷರತ್ತೂ ಅಚ್ಚಾಗಿ ಪ್ರಕಟವಾಗಿತ್ತು. ಆದರೂ ಟ್ವೈನನ ಕುರಿಗಳನ್ನು ನೆನೆಯದೆ ಈ ಗುತ್ತಿಗೆಪತ್ರವನ್ನು ಓದುವುದು ನನಗಂತೂ ಸಾಧ್ಯವಾಗಿಲ್ಲ.

ನಮ್ಮ ದೇಶದ ಶಾಸನಗಳನ್ನು ಈ ನಿದರ್ಶನದ ಬೆಳಕಿನಲ್ಲಿ ನೋಡಿದರೆ ಕೆಲವು ಸಂಗತಿಗಳು ಕಾಣುತ್ತವೆ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೫೩ನೆಯ ಪ್ರಕರಣವು ಎಲಿಜಬೆತ್ ಕಾಲದ ಶಾಸನದ ವಂಶಕ್ಕೆ ಸೇರಿದುದು. ೨೦೧೩ರ ಕಂಪೆನಿ ಅಧಿನಿಯಮದ ೧೮೮ನೆಯ ಪ್ರಕರಣವು ಸಂಬಂಧಿತ ಪಕ್ಷಗಳೊಡನೆ ನಡೆಯುವ ಆಸ್ತಿಯ ಮಾರಾಟವನ್ನೂ ಗುತ್ತಿಗೆಯನ್ನೂ ಹೆಸರಿಸಿ ಹೇಳುತ್ತದೆ. ಆದರೆ ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ, ಅಪರಿಚಿತರೊಡನೆ ಮಾಡುವಂತಹ ಷರತ್ತುಗಳ ಮೇಲೆ ನಡೆದ ವ್ಯವಹಾರಕ್ಕೆ ವಿನಾಯಿತಿ ಕೊಡುತ್ತದೆ. ಲೆಕ್ಕಪತ್ರದ ನಿಯಮವು ಇಲ್ಲಿ ಶಾಸನಕ್ಕಿಂತ ಬಿಗಿಯಾದ ಮಾತನ್ನಾಡುತ್ತದೆ: ವ್ಯವಹಾರವು ಅಪರಿಚಿತರೊಡನೆ ನಡೆದಂತೆಯೇ ನಡೆಯಿತೆಂದು ವರದಿಯಲ್ಲಿ ಬರೆಯಬೇಕಾದರೆ ಅದನ್ನು ಸಮರ್ಥಿಸಿ ತೋರಿಸಲು ಶಕ್ಯವಾಗಿರಬೇಕು. ನಮ್ಮ ೨೪ನೆಯ ಭಾರತೀಯ ಲೆಕ್ಕಪತ್ರ ಮಾನಕದಲ್ಲಿಯೂ ಅಮೆರಿಕದ ನಿಯಮದಲ್ಲಿಯೂ ಈ ತತ್ತ್ವವಿದೆ. ವಾರ್ಷಿಕ ವರದಿಗಳ ಟಿಪ್ಪಣಿಗಳಲ್ಲಿ ಈ ವಾಕ್ಯವು ಎಷ್ಟು ಸಲೀಸಾಗಿ ಅಚ್ಚಾಗುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ಮತ್ತೆ ನೆನಪಿಸುವುದು ತಪ್ಪಾಗದು.

ಕಾಲಮಿತಿಯ ವಿಷಯ ಇನ್ನೂ ಗಂಭೀರವಾದುದು. ಸೆರಿಟೇಜಿನ ಮಾರಾಟಕ್ಕೂ ದಿವಾಳಿಯ ಅರ್ಜಿಗೂ ನಡುವೆ ಮೂರು ವರ್ಷ ಮೂರು ತಿಂಗಳ ಅಂತರವಿತ್ತು. ಅಮೆರಿಕದ ದಿವಾಳಿಸಂಹಿತೆಯು ತಾನಾಗಿ ಹಿಂದಿರುಗಿ ನೋಡುವುದು ಎರಡು ವರ್ಷ ಮಾತ್ರ. ಆದರೆ ನಾಲ್ಕು ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು ಅವಧಿಯಿರುವ ರಾಜ್ಯಗಳ ಶಾಸನಗಳನ್ನು ಆಶ್ರಯಿಸಲು ಅದು ಅವಕಾಶ ಕೊಡುತ್ತದೆ. ನಮ್ಮ ೨೦೧೬ರ ದಿವಾಳಿಸಂಹಿತೆಯ ೪೫ ಮತ್ತು ೪೬ನೆಯ ಪ್ರಕರಣಗಳು ಕಡಿಮೆ ಬೆಲೆಯ ವರ್ಗಾವಣೆಯನ್ನು ರದ್ದುಪಡಿಸಲು ಅನ್ಯರ ವಿಷಯದಲ್ಲಿ ಒಂದು ವರ್ಷ, ಸಂಬಂಧಿತ ಪಕ್ಷದ ವಿಷಯದಲ್ಲಿ ಎರಡು ವರ್ಷ ಹಿಂದಿನವರೆಗೆ ನೋಡುತ್ತವೆ. ಸೆರಿಟೇಜಿನಂತಹ ವ್ಯವಹಾರ ಇಲ್ಲಿ ನಡೆದಿದ್ದರೆ ಈ ಪ್ರಕರಣಗಳ ಕೈಗೆ ಅದು ಎಟುಕುತ್ತಿರಲಿಲ್ಲ. ಅವಧಿಯ ಮಿತಿಯಿಲ್ಲದ ೪೯ನೆಯ ಪ್ರಕರಣವೊಂದಿದೆ. ಆದರೆ ಅದಕ್ಕೆ ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶವಿತ್ತೆಂದು ತೋರಿಸಬೇಕು. ಬೆಲೆ ಕಡಿಮೆಯಿತ್ತೆಂದು ತೋರಿಸುವುದಕ್ಕೂ ಮನಸ್ಸಿನಲ್ಲಿ ಕಪಟವಿತ್ತೆಂದು ತೋರಿಸುವುದಕ್ಕೂ ಇರುವ ಅಂತರವನ್ನು ವಕೀಲರು ಬಲ್ಲರು. ಆಸ್ತಿಯಿಂದ ಬಂದ ಹಣವು ನಷ್ಟದ ಕಂಪೆನಿಯೊಂದನ್ನು ಎರಡು ಮೂರು ವರ್ಷ ಉಸಿರಾಡಿಸುತ್ತದೆ. ಆ ಉಸಿರಾಟದ ಅವಧಿಯಲ್ಲಿಯೇ ಕಾಲಮಿತಿಯು ಕಳೆದುಹೋಗುತ್ತದೆ.

ಸ್ಥಿರಾಸ್ತಿ ಹೂಡಿಕೆಯ ಟ್ರಸ್ಟುಗಳ ವಿಷಯದಲ್ಲಿ ಸೆಬಿ ಸಂಸ್ಥೆಯು ೨೦೧೪ರಲ್ಲಿ ನಿಯಮಾವಳಿಯನ್ನು ಹೊರಡಿಸಿತು. ಅದರಡಿಯಲ್ಲಿ ೨೦೧೯ರ ಏಪ್ರಿಲಿನಲ್ಲಿ ದೇಶದಲ್ಲಿಯೇ ಮೊದಲನೆಯದಾಗಿ ಷೇರುಪೇಟೆಯನ್ನು ಪ್ರವೇಶಿಸಿದ ಎಂಬೆಸಿ ಟ್ರಸ್ಟು ಬೆಂಗಳೂರಿನದು. ಸಂಬಂಧಿತ ಪಕ್ಷದಿಂದ ಆಸ್ತಿ ಕೊಳ್ಳುವಾಗ ಪರಸ್ಪರ ಸ್ವತಂತ್ರರಾದ ಇಬ್ಬರು ಮೌಲ್ಯಮಾಪಕರ ವರದಿಗಳಿರಬೇಕೆಂದು ಈ ನಿಯಮಾವಳಿ ವಿಧಿಸುತ್ತದೆ. ಅಲ್ಲದೆ, ಸಂಬಂಧಿತ ಪಕ್ಷಕ್ಕೆ ಕೊಟ್ಟ ಗುತ್ತಿಗೆಯು ಗೊತ್ತಾದ ಒಂದು ಪ್ರಮಾಣವನ್ನು ಮೀರಿದರೆ, ಅದು ನ್ಯಾಯವಾಗಿದೆಯೆಂಬ ಸ್ವತಂತ್ರ ಅಭಿಪ್ರಾಯವನ್ನೂ ಹೂಡಿಕೆದಾರರ ಸಮ್ಮತಿಯನ್ನೂ ಪಡೆಯಬೇಕು. ಗುತ್ತಿಗೆಯನ್ನು ಬೆಲೆಯಷ್ಟೇ ಮುಖ್ಯವೆಂದು ಎಣಿಸಿದ ಈ ನಿಯಮವು ಶ್ಲಾಘನೀಯವಾದುದು. ಆದರೆ ಇದು ಟ್ರಸ್ಟಿನಲ್ಲಿ ಹಣ ಹೂಡಿದವರನ್ನು ಕಾಯುವ ನಿಯಮ. ಬಾಡಿಗೆದಾರನಾಗಿ ಉಳಿದ ಮೂಲ ಕಂಪೆನಿಗೆ ಸಾಲ ಕೊಟ್ಟವರು ಇದರ ದೃಷ್ಟಿಯಲ್ಲಿಲ್ಲ. ಸಮ್ಮತಿಯನ್ನು ಕೇಳುವುದು ಗುತ್ತಿಗೆ ಏರ್ಪಡುವಾಗ. ಅದರಲ್ಲಿ ಅಡಗಿದ ಹಿಂಪಡೆಯುವ ಹಕ್ಕನ್ನೋ ತೆರವಿನ ಹಕ್ಕನ್ನೋ ಐದು ವರ್ಷಗಳ ಮೇಲೆ ಚಲಾಯಿಸುವಾಗ ಅಲ್ಲ.

ಸೆರಿಟೇಜಿನ ಕಥೆಯ ಶೇಷಭಾಗವನ್ನು ಇಷ್ಟರಲ್ಲಿ ಹೇಳಬಹುದು. ೫೧ ಆಸ್ತಿಗಳ ಹೊಸ ಗುತ್ತಿಗೆಯೂ ೨೦೨೧ರ ವೇಳೆಗೆ ತೆರವಾಯಿತು. ೨೦೨೨ರ ಮಾರ್ಚಿಯಲ್ಲಿ ಲ್ಯಾಂಪರ್ಟ್ ಅವರು ಅಧ್ಯಕ್ಷಸ್ಥಾನವನ್ನು ಬಿಟ್ಟರು. ಅದೇ ವರ್ಷದಿಂದ ಸಂಸ್ಥೆಯು ಹೂಡಿಕೆ ಟ್ರಸ್ಟಿನ ತೆರಿಗೆಸೌಲಭ್ಯವನ್ನು ತ್ಯಜಿಸಿತು. ಅಕ್ಟೋಬರಿನಲ್ಲಿ ಎಲ್ಲ ಆಸ್ತಿಗಳನ್ನೂ ಮಾರಿ, ಸಾಲ ತೀರಿಸಿ, ಸಂಸ್ಥೆಯನ್ನು ವಿಸರ್ಜಿಸುವ ಯೋಜನೆಗೆ ಷೇರುದಾರರು ಒಪ್ಪಿಗೆ ಕೊಟ್ಟರು. ಮುಖ್ಯ ಗುತ್ತಿಗೆಪತ್ರವೂ ಎರಡೂ ಕಂಪೆನಿಗಳ ವಾರ್ಷಿಕ ವರದಿಗಳೂ ಅಮೆರಿಕದ ಷೇರುಪೇಟೆ ಆಯೋಗದ ದಫ್ತರದಲ್ಲಿ ಯಾರು ಬೇಕಾದರೂ ಓದುವಂತೆ ದೊರೆಯುತ್ತವೆ; ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯು ಅವನ್ನು ಜೊತೆಯಲ್ಲಿಟ್ಟುಕೊಂಡು, ಒಂದೊಂದು ಅಂಗಡಿಯು ಯಾವಾಗ, ಯಾರ ಹಕ್ಕಿನಿಂದ ಕೈ ಬದಲಾಯಿತೆಂದು ಪಟ್ಟಿಮಾಡಬಹುದು.